ಮುಚ್ಚಳದ ಒಳಗಿನ ಬೊಟ್ಟು

ಕೋಲ್ಕತ್ತದ ನಮ್ಮ ಪ್ರಯೋಗಾಲಯದ ಬಾಗಿಲಿಗೆ ನಾನೇ ಬರೆಸಿ ಹಾಕಿದ ಒಂದು ಫಲಕ ಇದೆ. 'ಸೀಸಕ್ಕೆ ಒಳಗೆ ಪ್ರವೇಶವಿಲ್ಲ' ಎಂದು ಇಂಗ್ಲಿಷ್, ಬಂಗಾಳಿ, ಹಿಂದಿ ಮೂರರಲ್ಲೂ ಬರೆಸಿದ ಮೇಲೆ ಕೆಳಗೆ ಒಂದು ಗೇಣು ಜಾಗ ಖಾಲಿ ಉಳಿಯಿತು. ಸುಮ್ಮನೆ ಯಾಕೆ ಬಿಡುವುದು ಎಂದು ಕನ್ನಡದಲ್ಲೂ ಬರೆಯಿಸಿದೆ. ಎಸ್ಪ್ಲನೇಡ್ ಹತ್ತಿರದ ಆ ಪೇಂಟರ್ ನಾನು ಕಾಗದದ ಮೇಲೆ ಬರೆದುಕೊಟ್ಟದ್ದನ್ನು ರಂಗೋಲಿ ಬಿಡಿಸಿದ ಹಾಗೆ ನೋಡಿ ನೋಡಿ ಬಿಡಿಸಿದ, ಒಂದು ಕೊಂಬೂ ತಪ್ಪಲಿಲ್ಲ. ಇಡೀ ಸಂಸ್ಥೆಯಲ್ಲಿ ಆ ಸಾಲನ್ನು ಓದಬಲ್ಲವಳು ನಾನೊಬ್ಬಳೇ. ಅದು ಯಾರಿಗಾಗಿ ಬರೆದದ್ದು ಎನ್ನುವುದು ನನಗೆ ಹನ್ನೆರಡು ವರ್ಷಗಳ ಮೇಲೆ ತಿಳಿಯಿತು.

ಸೆರಾಮಿಕ್ಸ್‌ನಲ್ಲಿ ಸಂಶೋಧನೆ ಅಂದರೆ ನಮ್ಮ ನೆಂಟರಿಗೆ ನೆನಪಾಗುವುದು ಎರಡೇ: ಉಪ್ಪಿನಕಾಯಿ ಭರಣಿ, ಬಚ್ಚಲಿನ ಟೈಲ್ಸ್. ಒಮ್ಮೆ ರಜೆಯಲ್ಲಿ ಉಡುಪಿಗೆ ಹೋದಾಗ ದೊಡ್ಡಮ್ಮನ ಮಗ ತನ್ನ ಹೊಸ ಮನೆಯ ಬಚ್ಚಲಿಗೆ ಕರೆದುಕೊಂಡು ಹೋಗಿ, ಈ ನೆಲ ಜಾರುತ್ತದೋ ಇಲ್ಲವೋ ನೋಡಿ ಹೇಳು ಎಂದ. ನಾನು ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು, ಜಾರುತ್ತದೆ ಎಂದೆ. ಮೂವತ್ತು ವರ್ಷದ ನನ್ನ ವಿದ್ಯೆಯಿಂದ ಕುಟುಂಬಕ್ಕೆ ನೇರವಾಗಿ ಆದ ಉಪಕಾರ ಅದೊಂದೇ.

ನಿಜವಾಗಿ ನಾನು ಮಾಡುವುದು ಇದು. ಅಡುಗೆಮನೆಯ ಗ್ಯಾಸ್ ಲೈಟರ್ ಟಕ್ ಅನ್ನುತ್ತದಲ್ಲ, ಅದರ ಹೊಟ್ಟೆಯಲ್ಲಿ ಬೆರಳ ತುದಿಯಷ್ಟು ಸೆರಾಮಿಕ್ ತುಂಡು ಇರುತ್ತದೆ. ಅದನ್ನು ಒತ್ತಿದರೆ ವಿದ್ಯುತ್ ಕೊಡುತ್ತದೆ. ಅದಕ್ಕೆ ವಿದ್ಯುತ್ ಕೊಟ್ಟರೆ ನಡುಗುತ್ತದೆ. ಬಸುರಿಯರ ಹೊಟ್ಟೆಯ ಮೇಲೆ ಆಡಿಸುವ ಸ್ಕ್ಯಾನಿಂಗ್ ಯಂತ್ರದ ತುದಿಯಲ್ಲಿ ಇರುವುದೂ ಅದೇ ಬಳಗದ್ದು. ಈ ಕೆಲಸವನ್ನು ಎಲ್ಲಕ್ಕಿಂತ ಚೆನ್ನಾಗಿ ಮಾಡುವ ಸೆರಾಮಿಕ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಸೀಸದ್ದು. ಸೀಸ ವಿಷ. ಅದನ್ನು ಬಿಟ್ಟು, ಅಷ್ಟೇ ಚೆನ್ನಾಗಿ ದುಡಿಯುವ ತುಂಡೊಂದನ್ನು ಮಾಡಬೇಕೆಂದು ಜಗತ್ತಿನ ತುಂಬ ಜನ ಒದ್ದಾಡುತ್ತಿದ್ದಾರೆ, ಅವರಲ್ಲಿ ನಾನೂ ಒಬ್ಬಳು.

ಒದ್ದಾಟ ಎಂದರೆ ದಿನವೂ ಅದೇ ಅಡುಗೆ. ಪುಡಿಗಳನ್ನು ತೂಗುವುದು, ಅರೆಯುವುದು, ಒತ್ತಿ ಗುಳಿಗೆಯಂಥ ಬಿಲ್ಲೆ ಮಾಡುವುದು, ಬಿಲ್ಲೆಗಳನ್ನು ಮೂಸೆಯಲ್ಲಿಟ್ಟು ಮುಚ್ಚಳ ಮುಚ್ಚಿ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೇಲೆ ಸುಡುವುದು. ಮೂಸೆ ಎಂದರೆ ಬಿಳಿಯ ಗಿಡ್ಡ ಲೋಟ, ಅಂಥ ಕಾವಿಗೂ ಬಗ್ಗದ್ದು. ಇದರಲ್ಲಿ ಸೀಸದ ಸೋಂಕು ಎಳ್ಳಷ್ಟು ತಗುಲಿದರೂ 'ಸೀಸವಿಲ್ಲದ' ಎಂಬ ಮಾತಿಗೆ ಬೆಲೆ ಇಲ್ಲ. ಹಾಗಾಗಿ ನಮ್ಮಲ್ಲಿ ಮಡಿ ಬಹಳ. ನಮ್ಮ ಅಜ್ಜಿ ಕೂಡ ಅಷ್ಟು ಮಡಿ ಮಾಡುತ್ತಿರಲಿಲ್ಲ. ಬೆಳಿಗ್ಗೆ ಯಾರೇ ಒಳಗೆ ಬಂದರೂ ನನ್ನ ಮೊದಲ ಮಾತು ನಮಸ್ಕಾರವಲ್ಲ, 'ಕೈ ತೊಳೆದೆಯಾ?' ಎಂಬುದು. ಹುಡುಗರು ನನ್ನ ಬೆನ್ನ ಹಿಂದೆ ನನಗಿಟ್ಟ ಹೆಸರೂ ಅದೇ ಅಂತೆ.

ಕುಲುಮೆ ನೋಡಿಕೊಳ್ಳುವವರನ್ನು ನಾವೆಲ್ಲ ದಾದಾ, ಅಂದರೆ ಅಣ್ಣ, ಎನ್ನುತ್ತೇವೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರು, ಸಂಸ್ಥೆಗೆ ನನಗಿಂತ ಹತ್ತು ವರ್ಷ ಮೊದಲೇ ಸೇರಿದವರು. ದಿನಾ ಲೋಕಲ್ ರೈಲಿನಲ್ಲಿ ಸಿಯಾಲ್ದಾಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು, ದಮ್ ದಮ್‌ನಿಂದ ಮೆಟ್ರೋದಲ್ಲಿ ಬರುವ ನನಗಿಂತ ಮೊದಲೇ ಬಾಗಿಲು ತೆರೆದಿರುತ್ತಾರೆ. ಕುಲುಮೆಯ ಕಾವನ್ನು ಮೀಟರ್ ನೋಡದೆ, ಇಣುಕು ಕಿಂಡಿಯ ಬಣ್ಣ ನೋಡಿ ಹೇಳುತ್ತಾರೆ. ಇಂಥವರನ್ನು ನಾನು ಒಮ್ಮೆ ರೇಡಿಯೋಗೆ ಬೆಸುಗೆ ಹಾಕುತ್ತಿದ್ದರೆಂದು, ಬೆಸುಗೆಯಲ್ಲಿ ಸೀಸ ಇರುತ್ತದೆಂದು, ರೇಡಿಯೋ ಸಮೇತ ವರಾಂಡಕ್ಕೆ ಅಟ್ಟಿದ್ದೆ. ಅವರು ಹೋಗುತ್ತಾ ಫಲಕಕ್ಕೆ ಕೈ ಮುಗಿದು ಹೋದರು.

ವರ್ಷದಲ್ಲಿ ಒಂದು ದಿನ ಮಾತ್ರ ಅವರದೇ ರಾಜ್ಯ. ವಿಶ್ವಕರ್ಮ ಪೂಜೆಯ ಹಿಂದಿನ ಸಂಜೆ ಅವರು ಮೇನ್ ಸ್ವಿಚ್ ಇಳಿಸಿದರೆಂದರೆ ಮರುದಿನ ಪೂರ್ತಿ ಯಂತ್ರ ಯಾವುದೂ ಓಡುವ ಹಾಗಿಲ್ಲ. ಮೂವತ್ತು ಗಂಟೆಯ ಉರಿ ಮಧ್ಯದಲ್ಲಿದೆ ಎಂದರೂ ಕೇಳುವುದಿಲ್ಲ; ಮೊದಲೇ ಪಂಚಾಂಗ ನೋಡಬೇಕಿತ್ತು ಎನ್ನುತ್ತಾರೆ. ಅಂದು ತಾರಸಿಯ ಮೇಲೆ ಗಾಳಿಪಟ, ಮಧ್ಯಾಹ್ನ ಎಲ್ಲರಿಗೂ ಮಾಂಸದೂಟ, ನನಗೆ ಬೇರೆ ತಟ್ಟೆಯಲ್ಲಿ ಲುಚಿ ಎಂಬ ಮೈದಾ ಪೂರಿ ಮತ್ತು ಸಿಹಿಗುಂಬಳದ ಪಲ್ಯ. ಆದರೆ ಹೂವು, ಧೂಪ, ಸಿಂಧೂರ ಯಾವುದನ್ನೂ ನಾನು ಬಾಗಿಲಿಂದ ಒಳಗೆ ಬಿಡುತ್ತಿರಲಿಲ್ಲ. ಏನಿದ್ದರೂ ವರಾಂಡದ ಸ್ವಿಚ್ ಬೋರ್ಡಿಗೆ ಮಾಡಿ ಎಂದು ಹೇಳಿದ್ದೆ. ದಾದಾ ಬೇಸರದ ಮುಖ ಮಾಡಿಕೊಂಡೇ ಸ್ವಿಚ್ ಬೋರ್ಡಿಗೆ ಚೆಂಡುಹೂವಿನ ಮಾಲೆ ಹಾಕುತ್ತಿದ್ದರು.

ಇನ್ನು ನನ್ನ ಗುಟ್ಟು. ನಮ್ಮಲ್ಲಿ ಆಯುಧಪೂಜೆ ನವಮಿಗೆ. ಅಪ್ಪ ಬ್ಯಾಂಕಿನವರಾಗಿ ಕೋಲ್ಕತ್ತಕ್ಕೆ ಬಂದ ಮೇಲೂ ಅಮ್ಮ ಆ ದಿನ ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ಅಪ್ಪನ ಸ್ಕೂಟರ್, ನನ್ನ ಜಾಮಿಟ್ರಿ ಡಬ್ಬಿ ಎಲ್ಲಕ್ಕೂ ಕುಂಕುಮ ಇಡುತ್ತಿದ್ದಳು. ಅದನ್ನು ನೋಡಿ ಬೆಳೆದ ಕೈಗೆ ಸುಮ್ಮನಿರಲು ಆಗುವುದಿಲ್ಲ. ನವಮಿಗೆ ಇಲ್ಲಿ ದುರ್ಗಾಪೂಜೆಯ ರಜೆ, ಸಂಸ್ಥೆಗೆ ಬೀಗ. ಆದ್ದರಿಂದ ನನ್ನ ಆಯುಧಪೂಜೆಯನ್ನು ಯಾರಿಗೂ ಹೇಳದೆ ವಿಶ್ವಕರ್ಮನ ದಿನಕ್ಕೇ ಸೇರಿಸಿಕೊಂಡಿದ್ದೆ. ಎಲ್ಲರೂ ಗಾಳಿಪಟ ನೋಡಲು ಮೇಲೆ ಹೋದಾಗ ನಾನು ಒಳಗೆ ಹೋಗಿ, ಆ ವರ್ಷದ ಹೊಸ ಮೂಸೆಗೆ ಒಂದು ಬೊಟ್ಟು ಇಟ್ಟು ಬರುತ್ತಿದ್ದೆ. ಯಾರ ಕಣ್ಣಿಗೂ ಬೀಳಬಾರದೆಂದು ಮುಚ್ಚಳದ ಒಳಮೈಗೆ. ದೇವರ ಹೆಸರಲ್ಲಿ ಇಟ್ಟದ್ದನ್ನು ಒರೆಸುವ ಹಾಗಿಲ್ಲ, ಹಾಗಾಗಿ ಮೊದಲ ಉರಿ ಬೊಟ್ಟಿನ ಸಮೇತ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನೀವು ಅಂದುಕೊಳ್ಳುವ ಮೊದಲೇ ನನ್ನ ಸಮಜಾಯಿಷಿ ಹೇಳುತ್ತೇನೆ. ಅದು ನನ್ನ ಅತ್ತೆ ಉಡುಪಿಯ ಮನೆಯಲ್ಲಿ ಕೈಯಾರೆ ಮಾಡಿ ಕಳಿಸುತ್ತಿದ್ದ ಕುಂಕುಮ. ಅರಿಶಿನ, ನಿಂಬೆರಸ, ಚಿಟಿಕೆ ಬಿಳಿಗಾರ, ಅಷ್ಟೇ. ಕುಲುಮೆಯ ಕಾವಿಗೆ ಅದು ಹೇಳಹೆಸರಿಲ್ಲದಂತೆ ಹೋಗುತ್ತದೆ. ಹನ್ನೊಂದು ವರ್ಷ ಹಾಗೆಯೇ ಹೋಯಿತು. ಹನ್ನೆರಡನೆಯ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡರು, ಕುಂಕುಮ ಬರಲಿಲ್ಲ. ಕೈಚೀಲ ತಡಕಿದಾಗ ಕಾಗದದ ಪೊಟ್ಟಣವೊಂದು ಸಿಕ್ಕಿತು. ಹಿಂದಿನ ವರ್ಷದ ದಶಮಿಯಂದು ನಮ್ಮ ಕೇರಿಯ ಪೆಂಡಾಲಿನಲ್ಲಿ ಹೆಂಗಸರೆಲ್ಲ ಒಬ್ಬರ ಕೆನ್ನೆಗೊಬ್ಬರು ಸಿಂಧೂರ ಬಳಿದು ಆಡಿದ ಮೇಲೆ, ನಾನು ಬೌದಿ, ಅಂದರೆ ಅತ್ತಿಗೆ, ಎಂದು ಕರೆಯುವ ಪಕ್ಕದ ಮನೆಯವಳು ಉಳಿದದ್ದನ್ನು ಮಡಿಸಿ ನನ್ನ ಕೈಗೆ ಕೊಟ್ಟಿದ್ದಳು. ಕೆಂಪು ಎಂದರೆ ಕೆಂಪು ಎಂದುಕೊಂಡು ಬೊಟ್ಟು ಇಟ್ಟೆ, ಕೆಳಗೊಂದು ಸಣ್ಣ ಗೀಟೂ ಎಳೆದೆ. ವಸ್ತುವಿಜ್ಞಾನ ಓದಿದವಳು ಅಂದುಕೊಳ್ಳುವ ಮಾತಲ್ಲ ಅದು.

ಆ ಮೂಸೆಯಲ್ಲಿ ಮೊದಲು ಸುಟ್ಟದ್ದು ನನ್ನ ವಿದ್ಯಾರ್ಥಿನಿಯ ಎಂಟು ಬಿಲ್ಲೆಗಳನ್ನು. ಪಿಎಚ್‌.ಡಿ.ಯ ಐದನೆಯ ವರ್ಷದಲ್ಲಿದ್ದಳು. ಹೂಗ್ಲಿ ನದಿಯ ಆಚೆ ದಡದವಳು, ಮಾತು ಕಡಿಮೆ, ನೋಟ್‌ಬುಕ್ಕಿನಲ್ಲಿ ಮಾತ್ರ ಸಣ್ಣ ದುಂಡು ಅಕ್ಷರದಲ್ಲಿ ಎಲ್ಲವನ್ನೂ ಬರೆಯುವವಳು. ಸುಟ್ಟ ಬಿಲ್ಲೆಗಳು ಒತ್ತಿದರೆ ಎಷ್ಟು ವಿದ್ಯುತ್ ಕೊಡುತ್ತವೆ ಎಂದು ಅಳೆದು ನೋಡಿ ನನ್ನ ಕೋಣೆಗೆ ಬಂದು ಪುಸ್ತಕ ಮುಂದಿಟ್ಟಳು. ನಾಲ್ಕು ವರ್ಷ ನಾವು ಕಂಡದ್ದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು. ನಾನು ಕೂಡಲೇ ದಾದಾನಿಂದ ಇಡೀ ಮಹಡಿಗೆ ಮಣ್ಣಿನ ಕಪ್ಪಿನಲ್ಲಿ ಚಹಾ ತರಿಸಿದೆ. ಮಣ್ಣಿನ ಕಪ್ಪೇ ಈ ಊರಿನ ಅತ್ಯುತ್ತಮ ಸೆರಾಮಿಕ್ ಎಂದು ನಾನು ಯಾವಾಗಲೂ ಮಾಡುವ ಭಾಷಣವನ್ನೂ ಮಾಡಿದೆ. ಅದನ್ನು ಕೇಳದೆ ಆ ಮಹಡಿಯಲ್ಲಿ ಯಾರಿಗೂ ಚಹಾ ಸಿಗುವುದಿಲ್ಲ.

ಅದೇ ಅಳತೆ ಮತ್ತೆ ಬರಬೇಕಿತ್ತಲ್ಲ, ಬರಲಿಲ್ಲ. ಪೂಜೆಯ ರಜೆ ಮುಗಿದು ಎರಡನೆಯ ಸಲ ಸುಟ್ಟಾಗ ಹಳೆಯ ಅಳತೆಯೇ ಬಂತು. ಮೂರನೆಯದಕ್ಕೂ ಅದೇ, ಏಳನೆಯದಕ್ಕೂ ಅದೇ. ನಾನು ಅವಳ ಮೇಲೆ ಹರಿಹಾಯ್ದೆ. ತೂಗುವಾಗ ಎಲ್ಲಿ ತಪ್ಪಿದೆ ನೆನಪು ಮಾಡಿಕೋ ಎಂದೆ. ಗಮನ ಎಲ್ಲಿತ್ತು ಎಂದೆ. ಕಾಳಿಪೂಜೆಯ ಪಟಾಕಿ ಹೊಡೆಯುವ ಹೊತ್ತಿಗೂ ಅವಳು ಪುಡಿ ಅರೆಯುತ್ತಿದ್ದಳು, ಊರೆಲ್ಲ ಹೊಸ ಬೆಲ್ಲದ ಸಂದೇಶ್ ಮಿಠಾಯಿ ತಿನ್ನುವ ಚಳಿಗಾಲದಲ್ಲೂ ಅರೆಯುತ್ತಿದ್ದಳು. ಹನ್ನೊಂದು ಸಲ ಮಾಡಿಸಿದೆ. ದಿನಾ ಬೆಳಿಗ್ಗೆ ಕೈ ತೊಳೆದೆಯಾ ಎಂದು ಕೇಳುವ ನನ್ನ ದನಿ ಆ ತಿಂಗಳುಗಳಲ್ಲಿ ಹೇಗಿತ್ತೆಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಕೊನೆಗೆ ಆ ಎಂಟರಲ್ಲಿ ಒಂದು ಬಿಲ್ಲೆಯನ್ನು ಒಡೆದು, ಅದರೊಳಗೆ ಏನೇನು ಇದೆ ನೋಡಿ ಎಂದು ಬೇರೊಂದು ಊರಿನ ಪ್ರಯೋಗಾಲಯಕ್ಕೆ ಕಳಿಸಿದೆವು. ಇಲ್ಲಿ ಮಾಘದಲ್ಲಿ ಬರುವ ಸರಸ್ವತಿ ಪೂಜೆ ಮುಗಿದ ವಾರ ವರದಿ ಬಂತು. ನಾವು ಹಾಕಿದ್ದೆಲ್ಲ ಇತ್ತು. ನಾವು ಹಾಕದೆ ಇದ್ದ ಒಂದೂ ಇತ್ತು, ಸೀಸ. ಬಹಳವಲ್ಲ, ಆದರೆ ಅಳತೆ ಏರಿಸಲು ಸಾಕಾಗುವಷ್ಟು.

ನನ್ನ ಮೊದಲ ಸಿಟ್ಟು ದಾದಾನ ಬೆಸುಗೆ ಕಡ್ಡಿಯ ಮೇಲೆ ಹೋಯಿತು. ಕಪಾಟು ಕಪಾಟು ತೆರೆಸಿದೆ. ಹಳೆಯ ಬಣ್ಣದ ಡಬ್ಬಿ, ಯಾರದ್ದೋ ಬ್ಯಾಟರಿ, ಕಿಟಕಿಯ ಚೌಕಟ್ಟಿನ ಸಿಪ್ಪೆ, ಎಲ್ಲವನ್ನೂ ಆರೋಪಿಗಳ ಸಾಲಿನಲ್ಲಿ ನಿಲ್ಲಿಸಿದೆ. ಅಷ್ಟರಲ್ಲಿ ಸುದ್ದಿ ಮಹಡಿ ಇಳಿದು ಕ್ಯಾಂಟೀನು ಸೇರಿತ್ತು. ಅಲ್ಲಿ ಅದು ಬೇರೆಯೇ ರೂಪ ತಾಳಿತು: ಐದನೆಯ ವರ್ಷ, ಗಡುವು ಹತ್ತಿರ, ಅಳತೆ ಬರುತ್ತಿಲ್ಲ, ಹುಡುಗಿ ಒಂದು ಚಿಟಿಕೆ ಸೀಸ ತಾನೇ ಬೆರೆಸಿದಳು. ಬೆರೆಸಿದರೆ ಅಳತೆ ಏರುತ್ತದೆಂದು ಮೊದಲ ವರ್ಷದವರಿಗೂ ಗೊತ್ತು. ಮೂವರ ಸಮಿತಿ ರಚನೆಯಾಯಿತು. ಸೋಮವಾರ ಅವಳು ಸಮಿತಿಯ ಮುಂದೆ ಬರಬೇಕೆಂದು ಪತ್ರ ಬಂತು. ಮೋಸ ಎಂದು ಅವರು ಬರೆದರೆ ಪ್ರಬಂಧವಂತೂ ಹೋಯಿತು, ಅವಳ ಹೆಸರೂ ಹೋಯಿತು, ಇನ್ನೆಲ್ಲೂ ಅವಳನ್ನು ಪ್ರಯೋಗಾಲಯದ ಹೊಸ್ತಿಲು ಹತ್ತಿಸುವುದಿಲ್ಲ.

ಅವಳು ಅಳಲಿಲ್ಲ. ಶುಕ್ರವಾರ ಮಧ್ಯಾಹ್ನ ಆ ವರ್ಷ ಬಳಸಿದ ಮೂಸೆಗಳ ಮುಚ್ಚಳಗಳನ್ನೆಲ್ಲ ತಂದು ನನ್ನ ಮೇಜಿನ ಮೇಲೆ ಅಂಗಾತ ಮಲಗಿಸಿದಳು. ಎಲ್ಲ ಬೆಳ್ಳಗಿದ್ದವು. ಒಂದರ ಒಳಮೈಯಲ್ಲಿ ಮಾತ್ರ ತೆಳು ಹಳದಿಯ, ಗಾಜಿನ ಹೊಳಪಿನ ಕಲೆ ಇತ್ತು. ದುಂಡಗೆ ಉಂಗುರಬೆರಳಿನ ಗಾತ್ರ, ಕೆಳಗೊಂದು ಸಣ್ಣ ಗೀಟು.

"ಮ್ಯಾಡಮ್, ಇದು ಯಾರ ಬೆರಳು?" ಎಂದು ಕೇಳಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಬಲಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡೆ. ಆ ಕ್ಷಣದವರೆಗೂ ಬೊಟ್ಟು ಇಟ್ಟದ್ದು ನನಗೆ ನೆನಪೇ ಇರಲಿಲ್ಲ. ಬೆಳಿಗ್ಗೆ ಹಲ್ಲುಜ್ಜಿದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲವಲ್ಲ, ಹಾಗೆ. ಈಗ ನೆನಪಾಯಿತು, ಪೊಟ್ಟಣದ ಸಮೇತ ನೆನಪಾಯಿತು. ಎಲ್ಲ ಸಿಂಧೂರವೂ ಹಾಗಲ್ಲ, ಆದರೆ ಕೆಲವದಕ್ಕೆ ಆ ಕೆಂಪು ಬರುವುದೇ ಸೀಸದಿಂದ. ಇದು ನನಗೆ ತಿಳಿಯದ ವಿಷಯವಲ್ಲ. ಮೊದಲ ವರ್ಷದವರಿಗೆ ನಾನೇ ಪಾಠ ಮಾಡುತ್ತೇನೆ. ಕಾವಿಗೆ ಆ ಸೀಸ ಆವಿಯಾಗಿ ಕೆಳಗಿದ್ದ ಬಿಲ್ಲೆಗಳ ಮೇಲೆ ನೇರವಾಗಿ ಇಳಿದಿತ್ತು. ಮೊದಲ ಉರಿಗೇ ಬಹುಪಾಲು ಮುಗಿದು ಹೋದ್ದರಿಂದ ಎರಡನೆಯದರಿಂದ ಅಳತೆ ಏರಲಿಲ್ಲ.

ಅವಳಿಗೆ ನಾನು ಹೇಳಿದ ಮಾತು: "ಗೊತ್ತಿಲ್ಲ, ನೋಡೋಣ." ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಹೇಳಿದ್ದು ಹೌದು.

ಶನಿವಾರ ಅರ್ಧ ದಿನ. ಎಲ್ಲರೂ ಹೋದ ಮೇಲೆ ನಾನು ಕೈಚೀಲದಲ್ಲಿ ಪೊಟ್ಟಣ ಇಟ್ಟುಕೊಂಡು ಬಂದೆ. ಸೀಸವನ್ನು ಹೊತ್ತುಕೊಂಡು ನನ್ನದೇ ಫಲಕದ ಕೆಳಗೆ ನುಸುಳುವಾಗ ಮೂರು ಭಾಷೆಯ ಸಾಲುಗಳು ಸುಮ್ಮನಿದ್ದವು, ಕನ್ನಡದ್ದು ಮಾತ್ರ ಕಣ್ಣಿಗೆ ಬಿತ್ತು. ಎಕ್ಸ್‌-ರೇ ಯಂತ್ರದಲ್ಲಿ ಚಿಟಿಕೆ ಸಿಂಧೂರ ಇಟ್ಟು ನೋಡಿದೆ. ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಎದ್ದವು. ಅವು ಯಾರ ಗೆರೆಗಳು ಎಂದು ಪುಸ್ತಕ ನೋಡುವ ಅಗತ್ಯವೇ ಬೀಳಲಿಲ್ಲ.

ತಿರುಗಿ ನೋಡಿದರೆ ಬಾಗಿಲಲ್ಲಿ ದಾದಾ ನಿಂತಿದ್ದರು. ಬೀಗ ಹಾಕಲು ಕಾದಿದ್ದರಂತೆ. ನಾನು ಪರದೆಗೆ ಅಡ್ಡ ನಿಂತೆ. ಅವರು ನಿಧಾನಕ್ಕೆ ಹೇಳಿದರು. ಮಾತು ನಡೆದದ್ದು ಬಂಗಾಳಿಯಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

"ಅಡ್ಡ ನಿಲ್ಲಬೇಡಿ ದಿದಿ. ಮೂಸೆ ಕುಲುಮೆಗೆ ಇಡುವವನು ನಾನು. ಮುಚ್ಚಳ ತಿರುಗಿಸಿ ನೋಡದೆ ಇಡುತ್ತೇನೆಯೇ? ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ."

ಒರೆಸಬಹುದಿತ್ತಲ್ಲ ಎಂದೆ. ದೇವರಿಗೆಂದು ಇಟ್ಟದ್ದನ್ನು ನಾನು ಹೇಗೆ ಒರೆಸಲಿ ಎಂದರು. ನನ್ನನ್ನು ಸ್ವಿಚ್ ಬೋರ್ಡಿಗೆ ಕಳಿಸಿ ನೀವು ಒಳಗೆ ಪೂಜೆ ಮಾಡುತ್ತಿದ್ದಿರಿ, ಮೊದಮೊದಲು ಸಿಟ್ಟು ಬಂದಿತ್ತು, ಆಮೇಲೆ ಯಂತ್ರಕ್ಕೆ ಯಾರ ಕೈಯಿಂದಾದರೂ ಸರಿ ಪೂಜೆ ಆಯಿತಲ್ಲ ಎಂದು ಸುಮ್ಮನಾದೆ ಎಂದರು. ಈ ಸಲ ಬಣ್ಣ ಬೇರೆ ಇದೆ ಅನ್ನಿಸಿದ್ದೂ ಹೌದು, ಆದರೆ ಬಣ್ಣ ಯಾಕೆ ಬೇರೆ ಎಂದು ದಿದಿಯನ್ನು ಕೇಳುವುದು ಹೇಗೆ ಎಂದರು. ಕೊನೆಗೆ ಬೀಗದ ಕೈಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ ಅಂದರು:

"ಸೋಮವಾರ ನಾನೇ ಹೇಳಿಬಿಡುತ್ತೇನೆ, ರೇಡಿಯೋ ಬೆಸುಗೆ ಹಾಕುವಾಗ ಸಿಡಿದದ್ದು ಎಂದು. ನನಗೆ ಉಳಿದಿರುವುದು ಎರಡು ವರ್ಷ, ಏನು ಮಾಡುತ್ತಾರೆ? ಹುಡುಗಿಯೂ ಉಳಿದಳು, ನಿಮ್ಮ ಮರ್ಯಾದೆಯೂ ಉಳಿಯಿತು."

ಎಂಥ ಅಚ್ಚುಕಟ್ಟಾದ ಉಪಾಯ. ಅದನ್ನು ಕೇಳಿದ ಕೂಡಲೇ ಬೇಡ ಎಂದೆ ಎಂದು ಬರೆಯಲು ನನಗೂ ಆಸೆ. ನಾಳೆ ಫೋನ್ ಮಾಡುತ್ತೇನೆ ಎಂದು ಹೇಳಿ ಮನೆಗೆ ಹೋದೆ. ಮೆಟ್ರೋದಲ್ಲಿ ನಿಂತು ಇಡೀ ದಾರಿ ಆ ಉಪಾಯದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಭಾನುವಾರ ಗಂಡನಿಗೆ ಎಲ್ಲ ಹೇಳಿದೆ. ಅವರೂ ಬ್ಯಾಂಕಿನವರು, ಉಡುಪಿಯವರು, ನಿವೃತ್ತರಾದ ಮೇಲೆ ಪತ್ರಿಕೆಯ ಒಂದಕ್ಷರವನ್ನೂ ಬಿಡದೆ ಓದುವವರು. ಪತ್ರಿಕೆ ಇಳಿಸದೆಯೇ ಕೇಳಿದರು. ನನ್ನ ವಾದ ಇದು: ಮೂವತ್ತು ವರ್ಷ ನಾನು ಸೀಸ ಸೀಸ ಎಂದು ಊರಿಗೆಲ್ಲ ಉಪದೇಶ ಮಾಡಿದವಳು, ಈಗ ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದು ಗೊತ್ತಾದರೆ ನನ್ನ ಹಳೆಯ ಕೆಲಸವನ್ನೂ ಯಾರೂ ನಂಬುವುದಿಲ್ಲ. ದಾದಾ ತಾವಾಗಿಯೇ ಒಪ್ಪಿದ್ದಾರೆ. ಯಾರಿಗೂ ನಷ್ಟವಿಲ್ಲ. ಗಂಡ ಹಾಳೆ ಮಗುಚಿದರು.

"ಎಂತದು ಮಾರಾಯ್ತಿ, ಇಷ್ಟೆಲ್ಲ ಲೆಕ್ಕ ಹಾಕುದು," ಎಂದರು. "ಬೊಟ್ಟು ಇಟ್ಟದ್ದು ನೀನಲ್ವಾ? ನಾನು ಇಟ್ಟದ್ದು ಅಂತ ಹೇಳುದು. ಅಷ್ಟೇ ಉಂಟು."

ಇನ್ನೊಂದು ಹಾಳೆ ಮಗುಚುತ್ತಾ, ಅಮ್ಮನ ಕೈ ಸರಿಯಾಗಿದೆ, ಕುಂಕುಮ ಕಳಿಸ್ತೇನೆ ಹೇಳಿದ್ದಾರೆ ಎಂದೂ ಸೇರಿಸಿದರು. ನನಗೆ ನಗು ಬಂತು, ನಗುತ್ತಾ ಇರುವಾಗಲೇ ಅಳುವೂ ಬಂತು. ಆ ಹುಡುಗಿ ಹನ್ನೊಂದು ಸಲ ಅರೆದದ್ದು ಕಣ್ಣ ಮುಂದೆ ಬಂದು ನಿಂತಿತು. ದಾದಾಗೆ ಫೋನ್ ಮಾಡಿ, ನೀವು ಏನೂ ಹೇಳುವುದು ಬೇಡ ಎಂದೆ. ಅವರು ನಿಟ್ಟುಸಿರು ಬಿಟ್ಟರು. ಅದು ಬೇಸರದ್ದೋ ನೆಮ್ಮದಿಯದ್ದೋ ನಾನು ಕೇಳಲಿಲ್ಲ.

ಸೋಮವಾರ ಸಮಿತಿಯ ಮುಂದೆ ಅವಳನ್ನು ಕರೆಯುವ ಮೊದಲೇ ನಾನು ಒಳಗೆ ಹೋದೆ. ಮುಚ್ಚಳವನ್ನು ಮೇಜಿನ ಮೇಲಿಟ್ಟು, ನನ್ನ ಉಂಗುರಬೆರಳನ್ನು ಕಲೆಯ ಮೇಲೆ ಒತ್ತಿ ತೋರಿಸಿದೆ. ಅಳೆದು ಮಾಡಿಸಿದ ಹಾಗೆ ಕೂತಿತು. ಆಯುಧಪೂಜೆ, ಅತ್ತೆಯ ಪ್ಲಾಸ್ಟರ್, ಬೌದಿಯ ಪೊಟ್ಟಣ, ಎಕ್ಸ್‌-ರೇ ಗೆರೆ, ಎಲ್ಲ ಕ್ರಮವಾಗಿ ಹೇಳಿದೆ. ಶುಕ್ರವಾರ ಅವಳಿಗೆ ಗೊತ್ತಿಲ್ಲ ಎಂದದ್ದನ್ನೂ ಹೇಳಿದೆ. ಮೂವರೂ ಹಿರಿಯರು, ಗಂಭೀರರು. ನನಗಿಂತ ಹಿರಿಯರಾದ ಅಧ್ಯಕ್ಷರು ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮೋಸ ಇಲ್ಲ ಎಂದು ಅಲ್ಲಿಯೇ ಬರೆಸಿದರು. ಹುಡುಗಿಯ ಹೆಸರಿನ ಮುಂದೆ ಏನೂ ಬರೆಯಬೇಡಿ, ಬರೆಯುವುದಿದ್ದರೆ ನನ್ನ ಹೆಸರಿನ ಮುಂದೆ ಬರೆಯಿರಿ ಎಂದೆ. ಬರೆದರು. ಆಮೇಲೆ ಅಧ್ಯಕ್ಷರು ದನಿ ತಗ್ಗಿಸಿ, ಆ ಸಿಂಧೂರ ಯಾವ ಅಂಗಡಿಯದು ಎಂದು ಕೇಳಿದರು. ಗೊತ್ತಿಲ್ಲ ಎಂದೆ, ಈ ಸಲ ನಿಜವಾಗಿಯೂ ಗೊತ್ತಿರಲಿಲ್ಲ. ಹತ್ತು ನಿಮಿಷ ವಿರಾಮ ಎಂದು ಘೋಷಣೆಯಾಯಿತು. ಹೊರಗೆ ಬಂದು ನೋಡಿದರೆ ಸಮಿತಿಯ ಮೂವರೂ ವರಾಂಡದ ಮೂರು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಮನೆಗೆ ಫೋನ್ ಮಾಡುತ್ತಿದ್ದರು.

ಅವಳು ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಮತ್ತೆ ಹೇಳಿದೆ. ಕ್ಷಮಿಸು ಎಂದೂ ಹೇಳಿದೆ. ನಮ್ಮಲ್ಲಿ ಮೇಷ್ಟರುಗಳು ಆ ಮಾತನ್ನು ವಿದ್ಯಾರ್ಥಿಗಳಿಗೆ ಹೇಳುವ ರೂಢಿ ಇಲ್ಲ, ಹಾಗಾಗಿ ಅದು ಬಾಯಿಂದ ವಕ್ರವಾಗಿಯೇ ಹೊರಟಿತು. ಅವಳು ತಲೆ ಎತ್ತಲಿಲ್ಲ. ಹನ್ನೊಂದು ಸಲ ಎಂದಷ್ಟೇ ಅಂದಳು. ಎದ್ದು ಹೋದಳು, ನಾಲ್ಕು ದಿನ ಬರಲಿಲ್ಲ. ಆ ನಾಲ್ಕು ದಿನ ಬಾಗಿಲ ಬಳಿ ಯಾರನ್ನೂ ನಾನು ಏನೂ ಕೇಳಲಿಲ್ಲ.

ಐದನೆಯ ದಿನ ಬಂದವಳು ನೇರ ದಾದಾನ ಹತ್ತಿರ ಹೋಗಿ ಹೊಸ ಮೂಸೆಗಳನ್ನು ಕೇಳಿದಳಂತೆ. ನನ್ನ ಕೈಚೀಲದ ಪೊಟ್ಟಣವನ್ನೂ ಕೇಳಿ ಪಡೆದಳು. ಅದರಿಂದ ತೂಗಿ ತೂಗಿ ಬೇರೆ ಬೇರೆ ಪ್ರಮಾಣದ ಬೊಟ್ಟುಗಳನ್ನು ಮುಚ್ಚಳಗಳಿಗೆ ಇಟ್ಟು, ಎಷ್ಟು ಸೀಸದ ಆವಿಗೆ ಅಳತೆ ಎಷ್ಟು ಏರುತ್ತದೆ ಎಂದು ನೋಡುತ್ತಾ ಹೋದಳು. ಫಲಕಕ್ಕೆ ಆ ತಿಂಗಳ ಮಟ್ಟಿಗೆ ಬಟ್ಟೆ ಮುಚ್ಚಿಸಿ, ಬೇರೊಂದು ಹಳೆಯ ಕುಲುಮೆಯನ್ನು ಅದಕ್ಕೇ ಮೀಸಲಿಟ್ಟೆವು. ಸೀಸವಿಲ್ಲದ್ದು ಎಂದು ಯಾರೇ ಹೇಳಿದರೂ ಅವರ ಮೂಸೆ, ಮುಚ್ಚಳ, ಕುಲುಮೆ ಎಲ್ಲವನ್ನೂ ಮೊದಲು ಪರೀಕ್ಷಿಸಬೇಕು ಎನ್ನುವುದು ಅವಳ ಪ್ರಬಂಧದ ಕೊನೆಯ ಅಧ್ಯಾಯವಾಯಿತು. ನನ್ನ ಮೂವತ್ತು ವರ್ಷದಲ್ಲಿ ನನ್ನ ಕೋಣೆಯಿಂದ ಹೊರಟ ಅತ್ಯುತ್ತಮ ಅಧ್ಯಾಯ ಅದು, ಅದರಲ್ಲಿ ನನ್ನ ಪಾಲು ಒಂದು ಬೆರಳಿನಷ್ಟು.

ಪ್ರಬಂಧ ಸಲ್ಲಿಸುವ ದಿನ ನನ್ನ ಸಹಿಗೆಂದು ತಂದಳು. ಹಾಳೆ ತಿರುಗಿಸುತ್ತಾ ಸಾಮಗ್ರಿಗಳ ಪಟ್ಟಿಯ ಬಳಿ ನಿಂತೆ. ಯಾವ ಪುಡಿ, ಎಷ್ಟು ಶುದ್ಧ, ಎಲ್ಲಿಂದ ಬಂತು ಎಂದು ಸಾಲಾಗಿ ಬರೆದಿತ್ತು. ಕೊನೆಯ ಸಾಲಿನಲ್ಲಿ ಸಿಂಧೂರ. ಶುದ್ಧತೆ: ತಿಳಿಯದು. ಮೂಲ: ಮಾರ್ಗದರ್ಶಕರ ಕೈಚೀಲ.

ತೆಗೆಸಬಹುದಿತ್ತು. ಮಾರ್ಗದರ್ಶಕರು ಹೇಳಿದರೆ ಯಾವ ವಿದ್ಯಾರ್ಥಿಯಾದರೂ ತೆಗೆಯುತ್ತಾರೆ. ಅವಳು ಮೇಜಿನ ಆಚೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು, ಬಾಗಿಲಲ್ಲಿ ದಾದಾ ಬೀಗದ ಕೈ ಹಿಡಿದು ನಿಂತಿದ್ದರು. ನಾನು ಪೆನ್ನಿನ ಟೋಪಿ ತೆಗೆದೆ. ಅವಳು ಹಾಳೆಯ ಮೇಲೆ ಅಂಗೈ ಅಡ್ಡ ಇಟ್ಟಳು.

"ಮ್ಯಾಡಮ್, ಕೈ ತೊಳೆದಿರಾ?"

ಐದು ವರ್ಷದಲ್ಲಿ ಅವಳು ನನ್ನೆದುರು ನಕ್ಕದ್ದು ಅದೇ ಮೊದಲು. ಎದ್ದು ಹೋಗಿ, ಸೋಪು ಹಾಕಿ, ಉಂಗುರಬೆರಳನ್ನು ಎರಡು ಸಲ ಉಜ್ಜಿ ತೊಳೆದು ಬಂದು ಸಹಿ ಹಾಕಿದೆ.